ಸ್ಲೊವಾಕಿಯಾದ ವ್ಲ್ಕೊಲೀನೆತ್ಸ್: ಬೆಟ್ಟದ ಮೇಲಿನ ಈ ಮರದ ಊರು ಹೀಗೇ ಉಳಿದದ್ದು ಹೇಗೆ?

ಭೂಗೋಳಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಯುರೋಪಿನ ಬೆಟ್ಟದ ಹಳ್ಳಿಗಳ ಬಗ್ಗೆ ಹೈಸ್ಕೂಲು ಮಕ್ಕಳಿಗೆ ಒಂದು ಪಾಠ ತಯಾರಿಸುತ್ತಿದ್ದೇನೆ. ಸ್ಲೊವಾಕಿಯಾದ ವ್ಲ್ಕೊಲೀನೆತ್ಸ್ ಅನ್ನು ಆರಿಸಿಕೊಂಡಿದ್ದೇನೆ. ಹುಡುಕಿದಲ್ಲೆಲ್ಲ "ಸುಂದರ ಹಳ್ಳಿ, ಯುನೆಸ್ಕೊ ಪಟ್ಟಿಯಲ್ಲಿದೆ" ಎಂಬ ಎರಡು ಸಾಲೇ ಸಿಗುತ್ತಿವೆ. ನನಗೆ ಬೇಕಾದದ್ದು ಇಷ್ಟು:

ಊರು ಅಷ್ಟು ಎತ್ತರದಲ್ಲಿ, ಅದೇ ಜಾಗದಲ್ಲಿ ಯಾಕೆ ಕೂತಿದೆ? ಕೆಳಗೆ ಕಾರ್ಖಾನೆಗಳಿರುವ ಪಟ್ಟಣ ಇದ್ದೂ ಇದು ಸಿಮೆಂಟಿನ ಊರಾಗಲಿಲ್ಲ, ಕಾರಣವೇನು? ಕೆಲವು ಫೋಟೊಗಳಲ್ಲಿ ಮನೆಗಳು ನೀಲಿ ಬಣ್ಣದವು, ಕೆಲವುದರಲ್ಲಿ ಕಪ್ಪು ಮರದ ಮೇಲೆ ಬಿಳಿ ರಂಗೋಲಿಯಂಥ ಚಿತ್ತಾರ. ಎರಡೂ ಒಂದೇ ಊರಿನವೇ? ಕೊನೆಯದಾಗಿ, ವರ್ಷದಲ್ಲಿ ತಿಂಗಳುಗಟ್ಟಲೆ ಹಿಮ ಬೀಳುವ ಕಡೆ ಮರದ ಮಾಡು (ಚಾವಣಿ) ಬಾಳುವುದು ಹೇಗೆ?

ಕಣಿವೆದಾರಿ:

ಮೇಷ್ಟ್ರೇ, ನಕ್ಷೆಯಲ್ಲಿ ಮೊದಲು ರುಜೊಂಬೆರೊಕ್ ಪಟ್ಟಣವನ್ನು ಹುಡುಕಿ. ಉತ್ತರ ಸ್ಲೊವಾಕಿಯಾದ ಲಿಪ್ಟೊವ್ ಪ್ರಾಂತ್ಯದಲ್ಲಿ, ವಾಹ್ ನದಿಯ ದಂಡೆಯಲ್ಲಿದೆ, ಸಮುದ್ರಮಟ್ಟದಿಂದ ಸುಮಾರು 490 ಮೀಟರ್ ಎತ್ತರ. ಅಲ್ಲಿಂದ ದಕ್ಷಿಣಕ್ಕೆ ನೋಡಿದರೆ ಎದುರಿಗೇ ಏಳುವ ಬೆಟ್ಟ ಸಿದೊರೊವೊ, 1099 ಮೀಟರ್. ವೆಲ್ಕಾ ಫಾತ್ರಾ ಪರ್ವತಸಾಲು ಇಲ್ಲಿಂದಲೇ ಶುರು. ವ್ಲ್ಕೊಲೀನೆತ್ಸ್ ಇರುವುದು ಆ ಬೆಟ್ಟದ ಆಚೆ ಮಗ್ಗುಲಿನಲ್ಲಿ, 718 ಮೀಟರ್ ಎತ್ತರದಲ್ಲಿ. ಹಾಗಾಗಿ ಪಟ್ಟಣ ಹತ್ತಿರವೇ ಇದ್ದರೂ ಊರಿಂದ ಪಟ್ಟಣ ಕಾಣುವುದಿಲ್ಲ. ಮಕ್ಕಳಿಗೆ ಇದೊಂದನ್ನು ನಕ್ಷೆಯಲ್ಲಿ ತೋರಿಸಿದರೂ ಅರ್ಧ ಪಾಠ ಆದಂತೆ.

ಆ ಜಾಗವೇ ಯಾಕೆ ಎಂದರೆ ಬಿಸಿಲು ಮತ್ತು ನೀರು. ಆ ಅಕ್ಷಾಂಶದಲ್ಲಿ, ಅಂದರೆ ಸುಮಾರು 49 ಡಿಗ್ರಿ ಉತ್ತರದಲ್ಲಿ, ಚಳಿಗಾಲದ ಸೂರ್ಯ ಬಹಳ ಕೆಳಗೇ ಹಾದುಹೋಗುತ್ತಾನೆ. ಬೆಟ್ಟದ ಉತ್ತರದ ಮಗ್ಗುಲು ವಾರಗಟ್ಟಲೆ ನೆರಳಿನಲ್ಲೇ ಉಳಿಯುತ್ತದೆ, ಹಿಮ ತಡವಾಗಿ ಕರಗುತ್ತದೆ. ದಕ್ಷಿಣಕ್ಕೆ ಮುಖಮಾಡಿದ ಇಳಿಜಾರಿನಲ್ಲಿ ಹಿಮ ಬೇಗ ಕರಗಿ ಬಿತ್ತನೆಗೆ ಹೆಚ್ಚು ದಿನ ಸಿಗುತ್ತದೆ. ಮೇಲಿಂದ ಬೀಸುವ ಉತ್ತರದ ಗಾಳಿಗೆ ಸಿದೊರೊವೊ ಅಡ್ಡ ನಿಂತಿದೆ.

ನೀರಿನ ಮಾತು ಇನ್ನೂ ಮುಖ್ಯ. ಈ ಬೆಟ್ಟಗಳು ಬಹುಪಾಲು ಸುಣ್ಣಕಲ್ಲು ಮತ್ತು ಅದರಂಥದೇ ಡಾಲೊಮೈಟ್ ಕಲ್ಲಿನವು. ಮಳೆ ನೀರು ಬಿರುಕುಗಳಲ್ಲಿ ಇಳಿದುಹೋಗುತ್ತದೆ, ಮೇಲೆ ನಿಲ್ಲುವುದಿಲ್ಲ. ಇಂಥ ನೆಲದಲ್ಲಿ ವರ್ಷವಿಡೀ ಬತ್ತದ ಒರತೆ ಎಲ್ಲಿದೆಯೋ ಊರು ಅಲ್ಲೇ. ವ್ಲ್ಕೊಲೀನೆತ್ಸ್‌ನ ನಡುಬೀದಿಯಲ್ಲಿ ಒಂದು ತೊರೆ ಕಾಲುವೆ ಕಟ್ಟಿಸಿಕೊಂಡು ಇಳಿಯುತ್ತದೆ. ಮನೆಗಳೆಲ್ಲ ಅದರ ಎರಡೂ ಬದಿಗೆ ಸಾಲಾಗಿ ಕೂತಿವೆ. ಬೀದಿಯ ನಡುವೆ ಮರದ ಚೌಕಟ್ಟಿನ ಒಂದು ಸೇದುವ ಬಾವಿ ಇದೆ, 1860ರದು, ಹಗ್ಗ ಸುತ್ತುವ ಉರುಳೆಯ ಮೇಲೆ ಅದಕ್ಕೂ ಒಂದು ಪುಟ್ಟ ಮಾಡು.

ಹೊಲಗಳನ್ನು ಉಪಗ್ರಹ ಚಿತ್ರದಲ್ಲಿ ನೋಡಿ. ಇಳಿಜಾರಿಗೆ ಅಡ್ಡಲಾಗಿ ಉದ್ದುದ್ದ ಕಿರಿದಾದ ಪಟ್ಟಿಗಳು. ಆಗ ಹಂಗೆರಿಯ ರಾಜ್ಯಕ್ಕೆ ಸೇರಿದ್ದ ಈ ಭಾಗದಲ್ಲಿ ಅಪ್ಪನ ಜಮೀನು ಮಕ್ಕಳಿಗೆಲ್ಲ ಹಂಚಿಹೋಗುತ್ತಿತ್ತು. ಪ್ರತಿ ಪಾಲಿಗೂ ಒಳ್ಳೆಯ ಮಣ್ಣು, ಕೆಟ್ಟ ಮಣ್ಣು ಎರಡೂ ಬರಲಿ ಅಂತ ಉದ್ದಕ್ಕೇ ಸೀಳುತ್ತಿದ್ದರು. ಎರಡು ಪಟ್ಟಿಗಳ ನಡುವಿನ ಬದುವಿಗೆ ಹೊಲದ ಕಲ್ಲು ಆಯ್ದು ಹಾಕುತ್ತ, ಉತ್ತಾಗ ಮಣ್ಣು ಕೆಳಕ್ಕೆ ಜರುಗುತ್ತ ಬಂದು ಅವು ತಾವಾಗಿ ಮೆಟ್ಟಿಲುಗಳಾದವು. ಬೆಳೆದದ್ದು ಓಟ್ಸ್, ಬಾರ್ಲಿ, ರೈ, ಬಟ್ಟೆಗೆ ಅಗಸೆ, ಆಮೇಲೆ ಆಲೂಗಡ್ಡೆ. ಗೋಧಿಗೆ ಅಷ್ಟು ಎತ್ತರದ ತಣ್ಣನೆಯ ನೆಲ ಒಗ್ಗುವುದಿಲ್ಲ.

ಹಳೆಕಡತ:

ಇತಿಹಾಸದ ಭಾಗ ನಾನು ಹೇಳುತ್ತೇನೆ.

ರುಜೊಂಬೆರೊಕ್‌ಗೆ ಪಟ್ಟಣದ ಹಕ್ಕು ಸಿಕ್ಕಿದ್ದು 1318ರಲ್ಲಿ. ವ್ಲ್ಕೊಲೀನೆತ್ಸ್ ಹೆಸರು ಬರಹದಲ್ಲಿ ಮೊದಲು ಕಾಣುವುದು 1376ರಲ್ಲಿ. ಅದೂ ಸ್ವತಂತ್ರ ಹಳ್ಳಿಯಾಗಿ ಅಲ್ಲ, ರುಜೊಂಬೆರೊಕ್‌ನ ಒಂದು ಬೀದಿಯಾಗಿ! ಬೆಟ್ಟದ ಆಚೆ ಇದ್ದರೂ ಕಾಗದದಲ್ಲಿ ಅದು ಪಟ್ಟಣದ ಬೀದಿಯೇ. 1882ರಿಂದ ಆಡಳಿತದ ಲೆಕ್ಕದಲ್ಲೂ ಅದು ರುಜೊಂಬೆರೊಕ್‌ನ ಭಾಗ, ಇವತ್ತಿಗೂ ಹಾಗೇ. "ವ್ಲ್ಕೊಲೀನೆತ್ಸ್ ಪಂಚಾಯಿತಿ" ಎಂದು ಪಾಠದಲ್ಲಿ ಬರೆದುಬಿಡಬೇಡಿ ಮೇಷ್ಟ್ರೇ, ಅಂಥದ್ದು ಇಲ್ಲ.

ಜನ ಸಾಗುವಳಿದಾರರು, ಕುರಿ ಕಾಯುವವರು, ಮರ ಕಡಿಯುವವರು. 14ರಿಂದ 17ನೇ ಶತಮಾನದ ನಡುವೆ ಕಾರ್ಪಾಥಿಯನ್ ಬೆಟ್ಟಗಳ ಉದ್ದಕ್ಕೂ ವಾಲಾಕ್ ಕುರಿಗಾಹಿಗಳ ವಲಸೆ ನಡೆಯಿತು. ಎತ್ತರದ ಹುಲ್ಲುಗಾವಲನ್ನು ಬಳಸುವ ಕ್ರಮ, ಹಾಲು ಹಿಂಡಿ ಅಲ್ಲೇ ಗಿಣ್ಣು (ಚೀಸ್) ಮಾಡುವ ಪದ್ಧತಿ ಈ ಭಾಗದಲ್ಲಿ ಬೇರೂರಿದ್ದು ಆಗಲೇ. ಜೀತದ ಕಟ್ಟು ಹಂಗೆರಿಯಲ್ಲಿ ಕಳಚಿದ್ದು 1848ರಲ್ಲಿ. 19ನೇ ಶತಮಾನದ ಎರಡನೇ ಅರ್ಧದಲ್ಲಿ ಊರಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಇದ್ದರು. ಆ ತುಂಡುಹೊಲಗಳಿಗೆ ಅದೇ ಹೆಚ್ಚು.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿಂದ ಶುರುವಾಗುತ್ತದೆ. ವಾಹ್ ಕಣಿವೆಗೆ ರೈಲು ಬಂದದ್ದು 1871ರ ಹೊತ್ತಿಗೆ. ಆಮೇಲೆ ರುಜೊಂಬೆರೊಕ್‌ನಲ್ಲಿ ಕಾಗದ ಮತ್ತು ಬಟ್ಟೆ ಗಿರಣಿಗಳು ಬೆಳೆದವು. ಹೊಲ ಸಾಲದವರಿಗೆ ಎರಡು ದಾರಿ ತೆರೆದವು: ಹಡಗು ಹತ್ತಿ ಅಮೆರಿಕಕ್ಕೆ, ಇಲ್ಲವೇ ಬೆಟ್ಟ ಇಳಿದು ಗಿರಣಿಗೆ. ದುಡ್ಡು ಕೈಗೆ ಬಂದವರು ಬೆಟ್ಟದ ಮೇಲೆ ಹೊಸ ಮನೆ ಕಟ್ಟುವ ಬದಲು ಕೆಳಗೇ ನೆಲೆಸಿದರು. ಸಿಮೆಂಟು, ಇಟ್ಟಿಗೆಯನ್ನು ಆ ಏರಿನಲ್ಲಿ ಸಾಗಿಸುವ ಖರ್ಚಿಗಿಂತ ಅದೇ ಅಗ್ಗ. ಮೇಲೆ ಉಳಿದವರಿಗೆ ಹಳೆಯ ಮನೆಯೇ ಸಾಕಾಯಿತು. "ಬಡತನದಿಂದ ಉಳಿಯಿತು" ಎಂದು ಎಲ್ಲರೂ ಬರೆಯುತ್ತಾರೆ. ಬರೀ ಬಡತನವಾಗಿದ್ದರೆ ಊರು ಹಾಳುಬೀಳುತ್ತಿತ್ತು. ಊರನ್ನು ಬದಲಿಸಬಲ್ಲ ಹಣ ಊರಿನ ಹೊರಗೆ ಖರ್ಚಾಯಿತು, ಮನೆಗಳನ್ನು ನೋಡಿಕೊಳ್ಳುವಷ್ಟು ಜನ ಮಾತ್ರ ಒಳಗೆ ಉಳಿದರು ಎಂಬುದೇ ಸರಿ ಎಂದು ನನಗೆ ಅನ್ನಿಸುತ್ತದೆ.

1944ರ ಆಗಸ್ಟ್ 29ರಂದು ನಾಜಿ ಜರ್ಮನಿಯ ವಿರುದ್ಧ ಸ್ಲೊವಾಕ್ ರಾಷ್ಟ್ರೀಯ ದಂಗೆ ಎದ್ದಿತು. ಅದರ ಕೇಂದ್ರ ಬನ್ಸ್ಕಾ ಬಿಸ್ಟ್ರಿತ್ಸಾ, ಇದೇ ಬೆಟ್ಟಗಳ ದಕ್ಷಿಣಕ್ಕೆ. ಆ ಕಾಲದ ಹೋರಾಟದಲ್ಲಿ ವ್ಲ್ಕೊಲೀನೆತ್ಸ್‌ನ ಹಲವು ಮನೆಗಳು ಸುಟ್ಟುಹೋದವು. ಉಳಿದದ್ದನ್ನು 1977ರಲ್ಲಿ ಜನಪದ ವಾಸ್ತುವಿನ ರಕ್ಷಿತ ಪ್ರದೇಶ ಎಂದು ಘೋಷಿಸಿದರು. 1993ರ ಜನವರಿ 1ಕ್ಕೆ ಚೆಕೊಸ್ಲೊವಾಕಿಯಾ ಒಡೆದು ಸ್ಲೊವಾಕಿಯಾ ಬೇರೆ ದೇಶವಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ವ್ಲ್ಕೊಲೀನೆತ್ಸ್, ಬನ್ಸ್ಕಾ ಶ್ಟಿಯಾವ್ನಿತ್ಸಾ ಗಣಿಪಟ್ಟಣ ಮತ್ತು ಸ್ಪಿಶ್ ಕೋಟೆ ಮೂರೂ ಒಟ್ಟಿಗೆ ಯುನೆಸ್ಕೊ ಪಟ್ಟಿ ಸೇರಿದವು. ಹುಟ್ಟಿ ವರ್ಷ ತುಂಬದ ದೇಶ ತನ್ನ ಗುರುತಿಗಾಗಿ ಮುಂದಿಟ್ಟ ಮೊದಲ ಮೂರರಲ್ಲಿ ಒಂದು ಕೋಟೆ, ಒಂದು ಗಣಿ, ಒಂದು ರೈತರ ಬೀದಿ. ಇದು ನನಗೆ ತುಂಬ ಇಷ್ಟವಾದ ಸಂಗತಿ.

ಸೂರುಹಲಗೆ:

ಫೋಟೊ ಗೊಂದಲ ಮೊದಲು ಬಗೆಹರಿಸೋಣ. ಕಪ್ಪು ಮರದ ಮೇಲೆ ಬಿಳಿ ಚಿತ್ತಾರ ಇರುವುದು ಚಿಚ್ಮನಿ ಎಂಬ ಬೇರೆ ಹಳ್ಳಿ, ಜಿಲಿನಾ ಪಟ್ಟಣದ ದಕ್ಷಿಣಕ್ಕೆ. ಅಲ್ಲಿ ಬರಿಯ ದಿಮ್ಮಿಯ ಮೇಲೆಯೇ ಸುಣ್ಣದಿಂದ ಬರೆಯುತ್ತಾರೆ. 1921ರ ಬೆಂಕಿಯಲ್ಲಿ ಆ ಊರಿನ ದೊಡ್ಡ ಭಾಗ ಸುಟ್ಟು, ಆಮೇಲೆ ಮತ್ತೆ ಕಟ್ಟಿದ್ದು. ವ್ಲ್ಕೊಲೀನೆತ್ಸ್‌ನಲ್ಲಿ ಅಂಥ ಚಿತ್ತಾರ ಇಲ್ಲ. ಅಲ್ಲಿ ದಿಮ್ಮಿ ಗೋಡೆಗೆ ಮಣ್ಣು ಮೆತ್ತಿ, ಮೇಲೆ ಬಿಳಿ ಅಥವಾ ನೀಲಿ ಸುಣ್ಣ.

ಊರಿನ ಮನೆ ಕಟ್ಟಿದ ಬಗೆ: ಕೆಳಗೆ ಕಲ್ಲಿನ ಪಾಯ. ಇಳಿಜಾರಾದ್ದರಿಂದ ಒಂದು ಕಡೆ ಮೊಣಕಾಲೆತ್ತರ ಇದ್ದರೆ ಇನ್ನೊಂದು ಕಡೆ ಆಳೆತ್ತರ, ಆ ಎತ್ತರದ ಕಡೆ ಕೆಳಗೆ ನೆಲಮಾಳಿಗೆ. ಪಾಯದ ಮೇಲೆ ಸ್ಪ್ರೂಸ್ ಎಂಬ ಸೂಜಿಯೆಲೆ ಮರದ ದಿಮ್ಮಿಗಳನ್ನು ಅಡ್ಡಡ್ಡಲಾಗಿ ಪೇರಿಸಿ, ಮೂಲೆಯಲ್ಲಿ ಒಂದಕ್ಕೊಂದು ಕಚ್ಚು ಹೊಡೆದು ಕೂರಿಸುತ್ತಾರೆ. ಗೋಡೆಯ ಭಾರ ಹೊರುವುದು ಆ ಕಚ್ಚು, ಮೊಳೆಗೆ ಅಲ್ಲಿ ಕೆಲಸವಿಲ್ಲ. ದಿಮ್ಮಿಗಳ ನಡುವಿನ ಸಂದಿಗೆ ಒಣಗಿದ ಪಾಚಿ ಗಿಡಿಯುತ್ತಾರೆ.

ಬೀದಿಗೆ ಕಾಣುವುದು ಮನೆಯ ಅಗಲ ಕಡಿಮೆ ಇರುವ ಮುಖ. ಉದ್ದ ಹಿಂದಕ್ಕೆ ಹೋಗುತ್ತದೆ. ಬೀದಿ ಕಡೆ ಕಿಟಕಿ ಇರುವ ವಾಸದ ಕೋಣೆ, ನಡುವೆ ಪ್ರವೇಶದ ನಡುಮನೆ, ಅದರಾಚೆ ಕಾಳುಕಡಿಯ ಉಗ್ರಾಣ. ಅದರ ಹಿಂದೆ ಅದೇ ಸಾಲಿನಲ್ಲಿ ಕೊಟ್ಟಿಗೆ, ಕೊನೆಗೆ ಹುಲ್ಲಿನ ಕಣಜ. ಬಾಗಿಲು ಬೀದಿಗಲ್ಲ, ಪಕ್ಕದ ಉದ್ದನೆ ಅಂಗಳಕ್ಕೆ. ಒಂದೇ ಅಂಗಳಕ್ಕೆ ಎರಡು ಮೂರು ಕುಟುಂಬಗಳ ಬಾಗಿಲು ತೆರೆಯುವುದೂ ಉಂಟು. ಹೊಲ ಉದ್ದಕ್ಕೆ ಸೀಳಿಹೋದ ಹಾಗೇ ಮನೆಯ ನಿವೇಶನವೂ ಸೀಳಿಹೋಗಿದೆ.

ಹಿಂದೆ ಒಲೆ ಇರುತ್ತಿದ್ದದ್ದು ಆ ನಡುಮನೆಯಲ್ಲಿ, ಹೊಗೆಗೂಡು ಇಲ್ಲದೆ. ಹೊಗೆ ಅಟ್ಟಕ್ಕೆ ಏರಿ ಮಾಡಿನ ಸಂದಿಯಿಂದ ಹೊರಗೆ. ಕಣ್ಣಿಗೆ ತ್ರಾಸವಾದರೂ ಮರಕ್ಕೆ ಅದೇ ಔಷಧ: ಮಸಿ ಹತ್ತಿದ ತೊಲೆಗೆ ಹುಳು ಬೀಳುವುದು ಕಡಿಮೆ, ಅಟ್ಟ ಸದಾ ಒಣಗಿರುತ್ತದೆ. ಹೊಗೆಗೂಡು ಕಟ್ಟಿದ ಮೇಲೆ ಜನರ ಕಣ್ಣು ಉಳಿಯಿತು, ಮಾಡಿನ ಆಯಸ್ಸು ಇಳಿಯಿತು.

ಇನ್ನು ಮಾಡು. ಕಡಿದಾಗಿ, 45 ಡಿಗ್ರಿಯ ಸುತ್ತಮುತ್ತ. ಅದಕ್ಕಿಂತ ಚಪ್ಪಟೆಯಾದರೆ ಹಿಮ ಕೂತು ಕರಗುತ್ತ ಹಲಗೆಗೆ ಇಳಿಯುತ್ತದೆ. ಹೊದಿಕೆ ಸ್ಪ್ರೂಸ್ ಹಲಗೆ ಚೂರುಗಳು: ಅರ್ಧ ಮೀಟರ್ ಆಸುಪಾಸು ಉದ್ದ, ಸುಮಾರು 8ರಿಂದ 12 ಸೆಂಟಿಮೀಟರ್ ಅಗಲ. ಒಂದು ಅಂಚು ದಪ್ಪ, ಅದರಲ್ಲಿ ಉದ್ದಕ್ಕೂ ತೋಡು. ಇನ್ನೊಂದು ಅಂಚು ಚಾಕುವಿನಂತೆ ತೆಳು. ಒಂದರ ತೆಳು ಅಂಚು ಪಕ್ಕದ್ದರ ತೋಡಿನೊಳಗೆ ಕೂರುತ್ತದೆ. ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಹತ್ತಿ ಕೂರಬೇಕು, ಕೆಳಗಿನ ಸಂದಿಯ ನೇರಕ್ಕೇ ಮೇಲಿನ ಸಂದಿ ಬರಬಾರದು.

ಕೆಲಸ ಕೆಡುವುದು ಮೂರು ಕಡೆ. ಮೊದಲನೆಯದು, ಗರಗಸದಲ್ಲಿ ಕೊಯ್ದ ಹಲಗೆ. ಸೀಳಿದ ಹಲಗೆಯಲ್ಲಿ ಮರದ ನಾರು ತುದಿಯಿಂದ ತುದಿಗೆ ತುಂಡಾಗದೆ ಹೋಗಿರುತ್ತದೆ, ನೀರು ನಾರಿನ ಗುಂಟ ಜಾರುತ್ತದೆ. ಗರಗಸ ನಾರನ್ನು ಅಡ್ಡ ಕತ್ತರಿಸಿ ಸಾವಿರ ಬಾಯಿ ತೆರೆಯುತ್ತದೆ, ಹಲಗೆ ನೀರು ಕುಡಿಯುತ್ತದೆ. ಸೀಳಲು ಬರುವುದು ಗಂಟಿಲ್ಲದ, ತಿರುಚದ, ನಿಧಾನವಾಗಿ ಬೆಳೆದ ಮರ ಮಾತ್ರ. ಎರಡನೆಯದು ಗಾಳಿಯ ದಿಕ್ಕು: ತೋಡಿನ ಬಾಯಿ ಮಳೆಗಾಳಿ ಬರುವ ಕಡೆಗೆ ತಿರುಗಿದ್ದರೆ ನೀರನ್ನು ಗಾಳಿಯೇ ಒಳಗೆ ನೂಕುತ್ತದೆ. ಮೂರನೆಯದು ಗಾಳಿಯಾಟ. ಮಾಡಿನ ಒಳಮೈಗೆ ಪ್ಲಾಸ್ಟಿಕ್ ಹಾಳೆ ಅಥವಾ ಉಷ್ಣ ತಡೆಯುವ ಉಣ್ಣೆ ಒತ್ತಿಬಿಟ್ಟರೆ ಹಲಗೆ ಹಿಂಬದಿಯಿಂದ ಒಣಗದು, ಹತ್ತು ವರ್ಷದೊಳಗೇ ಮೆತ್ತಗಾಗುತ್ತದೆ. ಸರಿಯಾಗಿ ಕೂರಿಸಿ ಒಣಗಲು ಬಿಟ್ಟದ್ದು 20ರಿಂದ 30 ವರ್ಷ ಬಾಳುತ್ತದೆ. ದಕ್ಷಿಣದ ಬಿಸಿಲು ಮಗ್ಗುಲು ಬೇಗ ಒಡೆಯುತ್ತದೆ, ಉತ್ತರದ್ದರ ಮೇಲೆ ಪಾಚಿ ಬೆಳೆಯುತ್ತದೆ. ಪಾಚಿಯನ್ನು ಒಣಹವೆಯಲ್ಲಿ ಮರದ ಕೆರೆಗೋಲಿನಿಂದ ಕೆರೆಯಬೇಕು, ರಭಸದ ನೀರು ಹೊಡೆದು ತೊಳೆಯಬಾರದು.

ಭೂಗೋಳಮೇಷ್ಟ್ರು:

ಸೂರುಹಲಗೆಯವರೇ, ಬಹಳ ಉಪಕಾರ. ಒಂದು ಸಂದೇಹ. ಮರದ ಗೋಡೆಗೆ ಮಣ್ಣು ಮೆತ್ತಿದರೆ ಮರ ಕೊಳೆಯುವುದಿಲ್ಲವೇ? ಮಣ್ಣು ಮರಕ್ಕೆ ಅಂಟಿಕೊಳ್ಳುವುದಾದರೂ ಹೇಗೆ? ಆ ನೀಲಿ ಯಾವುದು?

ಸೂರುಹಲಗೆ:

ನುಣುಪಾದ ದಿಮ್ಮಿಗೆ ಮಣ್ಣು ಅಂಟುವುದಿಲ್ಲ, ನಿಜ. ಅದಕ್ಕೇ ದಿಮ್ಮಿಯ ಮೈಗೆ ಕೊಡಲಿಯಿಂದ ಕಚ್ಚು ಹಾಕುತ್ತಾರೆ, ಇಲ್ಲವೇ ಬೆರಳುದ್ದದ ಮರದ ಗೂಟಗಳನ್ನು ಒತ್ತೊತ್ತಾಗಿ, ಸ್ವಲ್ಪ ಓರೆಯಾಗಿ ಹೊಡೆಯುತ್ತಾರೆ. ಜೇಡಿಮಣ್ಣಿಗೆ ಧಾನ್ಯದ ಹೊಟ್ಟು ಅಥವಾ ಕತ್ತರಿಸಿದ ಒಣಹುಲ್ಲು ಕಲಸಿ ಎರಡು ಮೂರು ಸೆಂಟಿಮೀಟರ್ ದಪ್ಪ ಬಳಿಯುತ್ತಾರೆ. ಒಂದೇ ಸಲ ದಪ್ಪಗೆ ಬಳಿದರೆ ಒಣಗುವಾಗ ಬಿರುಕು ಬಿಟ್ಟು ಕಳಚುತ್ತದೆ, ಎರಡು ಸುತ್ತಿನಲ್ಲಿ ಬಳಿಯಬೇಕು.

ಕೊಳೆಯುವ ವಿಷಯಕ್ಕೆ ಬಂದರೆ, ಮಣ್ಣು ತೇವವನ್ನು ಹೀರುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಮರಕ್ಕಿಂತ ಮಣ್ಣು ಹೆಚ್ಚು ತೇವ ಎಳೆಯುವುದರಿಂದ ಮರ ಒಣಗಿಯೇ ಇರುತ್ತದೆ. ಗಾಳಿಯನ್ನೂ ತಡೆಯುತ್ತದೆ, ಕಿಡಿ ಬಿದ್ದರೂ ಮರ ಕೂಡಲೇ ಹೊತ್ತಿಕೊಳ್ಳುವುದಿಲ್ಲ. ಕೊಳೆಸುವುದು ಸಿಮೆಂಟು ಗಿಲಾವು. ಅದು ಮರದ ಜೊತೆ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಕೂದಲೆಳೆ ಬಿರುಕು ಬಿಡುತ್ತದೆ, ಅಲ್ಲಿಂದ ಒಳಗೆ ಹೋದ ನೀರಿಗೆ ಹೊರಬರಲು ದಾರಿ ಇಲ್ಲ. ಹೊರಗಿನಿಂದ ಗೋಡೆ ಗಟ್ಟಿಮುಟ್ಟಾಗಿ ಕಾಣುತ್ತದೆ, ಒಳಗೆ ದಿಮ್ಮಿ ಪುಡಿ. ಯುರೋಪಿನ ಬೆಟ್ಟದ ಊರುಗಳಲ್ಲಿ ಎಷ್ಟೋ ದಿಮ್ಮಿ ಮನೆಗಳು ಹೋದದ್ದು ಹೀಗೇ, ಒಳ್ಳೆಯ ಉದ್ದೇಶದ ರಿಪೇರಿಯಿಂದ.

ಮೊದಲು ಕೊಳೆಯುವುದು ಕಲ್ಲಿನ ಮೇಲೆ ಕೂತ ತಳದ ದಿಮ್ಮಿ, ಮಾಡಿನಿಂದ ಬಿದ್ದ ನೀರು ಸಿಡಿಯುವ ಜಾಗ. ಮನೆಯನ್ನು ಬಿಚ್ಚದೆ ಅದನ್ನು ಬದಲಿಸಬಹುದು. ಮೇಲಿನ ದಿಮ್ಮಿಗಳಿಗೆ ಜಾಕಿ ಕೊಟ್ಟು ಭಾರ ಇಳಿಯುವಷ್ಟೇ, ಕೆಲವೇ ಮಿಲಿಮೀಟರ್, ಎತ್ತಬೇಕು. ಹೆಚ್ಚು ಎತ್ತಿದರೆ ಮೂಲೆಯ ಕಚ್ಚು ಸಡಿಲವಾಗಿ ಕಿಟಕಿ ಚೌಕಟ್ಟು ತಿರುಚುತ್ತದೆ. ಕೊಳೆತ ಭಾಗ ಕೊಯ್ದು ತೆಗೆದು, ಓರೆ ಕಚ್ಚಿನಲ್ಲಿ ಹೊಸ ತುಂಡು ಸೇರಿಸಿ, ಕಲ್ಲಿಗೂ ಮರಕ್ಕೂ ನಡುವೆ ತೇವ ಏರದ ಪದರ ಇಡಬೇಕು. ಹೊಸ ತುಂಡು ಚೆನ್ನಾಗಿ ಒಣಗಿದ ಮರವೇ ಆಗಬೇಕು. ಹಸಿ ಮರದ ಗೋಡೆ ಒಣಗುತ್ತ ಮೀಟರಿಗೆ ಎರಡು ಮೂರು ಸೆಂಟಿಮೀಟರ್ ತಗ್ಗುವುದು ಸಾಮಾನ್ಯ. ಕಿಟಕಿಯ ಮೇಲೆ ಅಷ್ಟು ಸಂದು ಬಿಡದಿದ್ದರೆ ಗೋಡೆಯ ಭಾರ ಗಾಜಿನ ಮೇಲೆ ಕೂರುತ್ತದೆ.

ನೀಲಿ ಎಂದರೆ ನಮ್ಮಲ್ಲೂ ಸುಣ್ಣಕ್ಕೆ ಬೆರೆಸುವ ಅಲ್ಟ್ರಾಮರೀನ್ ನೀಲಿಯೇ. ಸುಣ್ಣದ ಕ್ಷಾರವನ್ನು ಅದು ತಡೆದುಕೊಳ್ಳುತ್ತದೆ. ಪ್ರಶ್ಯನ್ ನೀಲಿ ಹಾಕಿದರೆ ಬಣ್ಣ ಕೆಟ್ಟು ಕಂದಾಗುತ್ತದೆ. ಬಣ್ಣದ ಪುಡಿ ಸುಣ್ಣದ ತೂಕದ ಶೇ. 10 ದಾಟಬಾರದು, ದಾಟಿದರೆ ಕೈಗೆ ಹತ್ತುತ್ತದೆ, ಮಳೆಗೆ ತೊಳೆದುಹೋಗುತ್ತದೆ.

ಗೊಲ್ಲರಹಟ್ಟಿ:

ಹೊಟ್ಟೆಪಾಡಿನ ವಿಷಯ ಯಾರೂ ಬಿಡಿಸಿ ಹೇಳಲಿಲ್ಲ. ಹೊಲ ಅಷ್ಟು ಕಿರಿದಿದ್ದರೂ ಊರು ನಡೆದದ್ದು ಕುರಿಯಿಂದ. ಏಪ್ರಿಲ್ 24ರ ಸಂತ ಜಾರ್ಜ್ ದಿನದ ಆಸುಪಾಸಿಗೆ ಮಂದೆ ಮೇಲಿನ ಹುಲ್ಲುಗಾವಲಿಗೆ ಹೋಗುತ್ತದೆ, ಶರತ್ಕಾಲಕ್ಕೆ ಇಳಿಯುತ್ತದೆ. ಮೇಲೆ ಕಟ್ಟುವ ಹಟ್ಟಿಗೆ ಸಲಾಶ್ ಎನ್ನುತ್ತಾರೆ, ಅದರ ಯಜಮಾನ ಬಾಚಾ. ಊರವರ ಕುರಿಗಳೆಲ್ಲ ಅವನ ಕೈಕೆಳಗೆ.

ಗಿಣ್ಣು ಮಾಡುವುದು ಹೀಗೆ: ಕರೆದ ಹಾಲನ್ನು ಸೋಸಿ, 30ರಿಂದ 32 ಡಿಗ್ರಿ ಬೆಚ್ಚಗಿರುವಾಗಲೇ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬೆರೆಸುತ್ತಾರೆ. ಅರ್ಧ ಗಂಟೆಗೆ ಗಟ್ಟಿಯಾಗುತ್ತದೆ. ಅದನ್ನು ಒಡೆದು, ಕೈಯಿಂದ ತಳದಲ್ಲಿ ಕೂಡಿಸಿ, ಬಟ್ಟೆಯಲ್ಲಿ ಕಟ್ಟಿ ತೂಗುಹಾಕುತ್ತಾರೆ. ಹಾಲು ಹೆಚ್ಚು ಬಿಸಿಯಾದರೆ ಗಿಣ್ಣು ರಬ್ಬರಿನಂತಾಗಿ ಪುಡಿಪುಡಿಯಾಗುತ್ತದೆ. ನೀರು ಸರಿಯಾಗಿ ಇಳಿಯದಿದ್ದರೆ ಒಳಗೇ ಹುಳಿಯಾಗಿ ಕಹಿ ಹುಟ್ಟುತ್ತದೆ. ಕೆಲವು ದಿನ ಹಣ್ಣಾದ ಈ ಉಂಡೆಯನ್ನು ಉಪ್ಪು ಹಾಕಿ ಅರೆದರೆ ಬ್ರಿಂಡ್ಜಾ. ಸ್ಲೊವಾಕ್ ಬ್ರಿಂಡ್ಜಾ ಎಂಬ ಹೆಸರಿಗೆ 2008ರಿಂದ ಐರೋಪ್ಯ ಒಕ್ಕೂಟದ ರಕ್ಷಣೆ ಇದೆ, ಕುರಿ ಗಿಣ್ಣು ಅರ್ಧಕ್ಕಿಂತ ಕಡಿಮೆ ಇರುವಂತಿಲ್ಲ. ಉಳಿದ ತಿಳಿನೀರನ್ನೂ ಚೆಲ್ಲುವುದಿಲ್ಲ. ಕಾಯಿಸಿ ಜಿಂಚಿತ್ಸಾ ಎಂಬ ಪಾನೀಯ ಮಾಡುತ್ತಾರೆ.

ಮೇಷ್ಟ್ರೇ, ಕುರಿ ಹೋದರೆ ಹುಲ್ಲುಗಾವಲಿಗೆ ಕಾಡು ನುಗ್ಗುತ್ತದೆ. ಮೊದಲು ಪೊದೆ, ಆಮೇಲೆ ಸ್ಪ್ರೂಸ್. ಹೊಲದ ಆ ಮೆಟ್ಟಿಲುಗಳು ಕಾಣಬೇಕೆಂದರೆ ಯಾರಾದರೂ ಮೇಯಿಸಬೇಕು, ಇಲ್ಲ ಹುಲ್ಲು ಕೊಯ್ಯಬೇಕು. ಮನೆಗಳ ರಿಪೇರಿಗಿಂತ ಇದು ಕಷ್ಟದ ಕೆಲಸ.

ಕಣಿವೆದಾರಿ:

ನೋಡಹೋಗುವವರಿಗೆ ಸ್ವಲ್ಪ ಮಾಹಿತಿ. ಬ್ರಾಟಿಸ್ಲಾವಾದಿಂದ ಕೊಶಿತ್ಸೆ ಕಡೆಯ ವೇಗದ ರೈಲು ಹತ್ತಿದರೆ ಸುಮಾರು ಮೂರು ಗಂಟೆಗೆ ರುಜೊಂಬೆರೊಕ್. ಅಲ್ಲಿಂದ ಬನ್ಸ್ಕಾ ಬಿಸ್ಟ್ರಿತ್ಸಾ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗಿ, ಬಿಯೆಲಿ ಪೊಟೊಕ್ ಕಡೆಯಿಂದ ಬೆಟ್ಟ ಹತ್ತುವ ಕಿರಿದಾದ ರಸ್ತೆ. ಕಾರು ಊರ ಹೊರಗೇ ನಿಲ್ಲಿಸಬೇಕು. ಪಟ್ಟಣದಿಂದ ಗುಡ್ಡ ದಾಟಿ ನಡೆದು ಬರಲು ಗುರುತು ಮಾಡಿದ ಕಾಲುದಾರಿಯೂ ಇದೆ, ಸುಮಾರು ಎರಡು ಗಂಟೆ. ಬೇಸಿಗೆಯಲ್ಲಿ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿ ಹುಳ ಇರುತ್ತವೆ, ಅವುಗಳಿಂದ ಮಿದುಳು ಜ್ವರ ಬರುವ ಪ್ರದೇಶ ಇದು. ಉದ್ದ ಪ್ಯಾಂಟು ಹಾಕಿ, ಸಂಜೆ ಮೈ ಪರೀಕ್ಷಿಸಿಕೊಳ್ಳಿ. ವೆಲ್ಕಾ ಫಾತ್ರಾದಲ್ಲಿ ಕರಡಿಗಳಿವೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಬ್ಬರೇ ಸದ್ದಿಲ್ಲದೆ ಕಾಡು ಹೊಗಬೇಡಿ.

ಊರಲ್ಲಿ ನೋಡಬೇಕಾದದ್ದು 1770ರ ದಿಮ್ಮಿ ಗಂಟೆಗೋಪುರ, ಮೇಲೆ ಹೇಳಿದ ಬಾವಿ, 1875ರ ಕಲ್ಲಿನ ಮಾತೆ ಮರಿಯ ಇಗರ್ಜಿ, ಮತ್ತು ಒಳಗೆ ಹೋಗಿ ನೋಡಬಹುದಾದ ಒಂದು ರೈತರ ಮನೆ. ಲಿಪ್ಟೊವ್ ವಸ್ತುಸಂಗ್ರಹಾಲಯದವರು ಅದನ್ನು ಹಳೆಯ ಪಾತ್ರೆಪಗಡೆ ಸಮೇತ ಇಟ್ಟಿದ್ದಾರೆ.

ಹಳೆಕಡತ:

ಕಣಿವೆದಾರಿಯವರ ಮಾತಿಗೆ ಒಂದು ಸೇರಿಸಲೇಬೇಕು. ಒಳಗೆ ಹೋಗಬಹುದಾದದ್ದು ಅಂಥ ಒಂದೆರಡು ಮನೆ ಮಾತ್ರ. ಉಳಿದವು ಖಾಸಗಿ ಮನೆಗಳು. ಸುಮಾರು 45 ಅಂಗಳಗಳ ಊರಲ್ಲಿ ಈಗ ಖಾಯಂ ವಾಸಿಸುವವರು ಇಪ್ಪತ್ತರ ಒಳಗೆ. ಹಲವು ಮನೆಗಳಿಗೆ ಒಡೆಯರು ಬರುವುದು ರಜೆಗೆ. ಜನ ಬಾಗಿಲು ತಳ್ಳಿ ಒಳಗೆ ಇಣುಕುತ್ತಾರೆ, ಕಿಟಕಿಗೆ ಮುಖ ಒತ್ತಿ ಫೋಟೊ ತೆಗೆಯುತ್ತಾರೆ. ಬೇಸತ್ತ ಕೆಲವು ನಿವಾಸಿಗಳು ಯುನೆಸ್ಕೊ ಪಟ್ಟಿಯಿಂದ ಊರನ್ನು ಕೈಬಿಟ್ಟರೇ ವಾಸಿ ಎಂದು ಬಹಿರಂಗವಾಗಿ ಹೇಳಿದ್ದಾರೆ.

ಅವರ ಕಷ್ಟ ಬರೀ ಪ್ರವಾಸಿಗಳದ್ದಲ್ಲ. ಕಿಟಕಿ ಬದಲಿಸಲು, ಮಾಡು ಹೊದಿಸಲು, ಕೊಟ್ಟಿಗೆಯನ್ನು ಕೋಣೆಯಾಗಿಸಲು ಪ್ರತಿಯೊಂದಕ್ಕೂ ಪರಂಪರೆ ಇಲಾಖೆಯ ಒಪ್ಪಿಗೆ ಬೇಕು. ಸೂರುಹಲಗೆಯವರು ಹೇಳಿದ ಸೀಳು ಹಲಗೆ ತಗಡಿನ ಹೊದಿಕೆಗಿಂತ ಬಹಳ ದುಬಾರಿ, ಅದೂ ಇಪ್ಪತ್ತು ಮೂವತ್ತು ವರ್ಷಕ್ಕೊಮ್ಮೆ. ಅನುದಾನ ಬರುತ್ತದೆ, ಆದರೆ ಅಂಗಳಕ್ಕೆ ಇಬ್ಬರು ಮೂವರು ಪಾಲುದಾರರಿದ್ದು ಎಲ್ಲರ ಸಹಿ ಸೇರಬೇಕಾದಲ್ಲಿ ಕೆಲಸ ನಿಲ್ಲುತ್ತದೆ.

ಮೇಷ್ಟ್ರೇ, ಪಾಠದಲ್ಲಿ ಇದನ್ನು "ಬಯಲು ವಸ್ತುಸಂಗ್ರಹಾಲಯ" ಎಂದು ಕರೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಬಯಲು ವಸ್ತುಸಂಗ್ರಹಾಲಯಕ್ಕೆ ಮನೆಗಳನ್ನು ಬೇರೆ ಬೇರೆ ಊರುಗಳಿಂದ ಬಿಚ್ಚಿ ತಂದು ಕೂಡಿಸುತ್ತಾರೆ. ಲಿಪ್ಟೊವ್‌ನಲ್ಲೇ ಪ್ರಿಬಿಲಿನಾ ಎಂಬಲ್ಲಿ ಅಂಥದ್ದಿದೆ, ಲಿಪ್ಟೊವ್ಸ್ಕಾ ಮಾರಾ ಜಲಾಶಯದಲ್ಲಿ ಮುಳುಗಡೆಯಾದ ಊರುಗಳ ಕಟ್ಟಡಗಳನ್ನು ಅಲ್ಲಿಗೆ ತಂದಿದ್ದಾರೆ. ವ್ಲ್ಕೊಲೀನೆತ್ಸ್‌ನಲ್ಲಿ ಯಾವ ಮನೆಯೂ ಹೊರಗಿನಿಂದ ಬಂದದ್ದಲ್ಲ. ಎರಡರ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು, ಬೀದಿ, ತೊರೆ, ಹೊಲದ ಪಟ್ಟಿ ಒಂದಕ್ಕೊಂದು ಎಲ್ಲಿ ಹೊಂದುತ್ತವೆ, ಎಲ್ಲಿ ಹೊಂದುವುದಿಲ್ಲ ಎಂದು ಮಕ್ಕಳನ್ನೇ ಹುಡುಕಲು ಬಿಡಿ.